ಡೊಮೈನ್ ಖಾತೆಗೆ ನಾನು ಕೊಟ್ಟಿದ್ದ ಇಮೇಲ್

ವೆಬ್‌ಸೈಟ್ ಮಾಡಿಕೊಡುವ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಬ್ಬಳೇ ಮಾಡಿ ಮುಗಿಸಿದ ಮೊದಲ ಸೈಟ್ ಒಬ್ಬರು ಸಂಗೀತ ಮೇಡಂ ಅವರದು. ಐದೇ ಪುಟ. ಪಾಠದ ಸಮಯ, ಶುಲ್ಕ, ಕೆಲವು ಫೋಟೋ, ಹೊಸಬರು ಹೆಸರು ಕೊಡಲು ಒಂದು ಫಾರ್ಮ್. ಡೊಮೈನ್ ನೋಂದಾಯಿಸಿದ್ದೂ ನಾನೇ. ಒಂದು ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅವರ ಫೋನ್ ಬಂತು.

“ನಮ್ಮ ಸೈಟ್ ತೆರೆದ್ರೆ ಏನೇನೋ ಜಾಹೀರಾತು ಬರ್ತಿದೆ ಕಣಮ್ಮ. ನಿನ್ನೆಯಿಂದ ಒಂದು ಮೇಲೂ ಬಂದಿಲ್ಲ. ಸ್ವಲ್ಪ ನೋಡ್ತೀಯಾ?”

ಮೊದಲು ಹೋಸ್ಟಿಂಗ್ ನೋಡಿದೆ. ಸರ್ವರ್ ನಡೆಯುತ್ತಿತ್ತು. ಫೈಲುಗಳೆಲ್ಲ ಇಟ್ಟ ಹಾಗೇ ಇದ್ದವು. ಕೈಬಿಟ್ಟಿದ್ದು ಹೆಸರು. ಡೊಮೈನ್‌ನ ಅವಧಿ ಮುಗಿದು ಮೂರು ದಿನ ಆಗಿತ್ತು.

ಹೊಸಬರಿಗೆ ಇಲ್ಲೇ ಗೊಂದಲ ಆಗುವುದು. ಹೋಸ್ಟಿಂಗ್ ಅಂದರೆ ಸೈಟಿನ ಫೈಲುಗಳು ಇರುವ ಜಾಗ. ಡೊಮೈನ್ ಬರೀ ಹೆಸರು. ಆ ಹೆಸರನ್ನು ಯಾವ ಸರ್ವರ್‌ಗೆ ತೋರಿಸಬೇಕು ಅನ್ನುವುದು ಡಿಎನ್ಎಸ್ ದಾಖಲೆಗಳಲ್ಲಿ ಇರುತ್ತದೆ. ಸೈಟಿಗೆ ಎ ರೆಕಾರ್ಡ್, ಮೇಲ್‌ಗೆ ಎಂಎಕ್ಸ್ ರೆಕಾರ್ಡ್. ಹೋಸ್ಟಿಂಗ್, ಡೊಮೈನ್ ಎರಡನ್ನೂ ಒಂದೇ ಕಂಪನಿಯಲ್ಲಿ ತೆಗೆದುಕೊಂಡರೂ ಅವು ಬೇರೆ ಬೇರೆಯೇ. ಹಣ ಕಟ್ಟುವ ತಾರೀಕೂ ಬೇರೆ ಇರಬಹುದು. ನಾನು ಹೋಸ್ಟಿಂಗ್ ತಾರೀಕನ್ನು ಮಾತ್ರ ಬರೆದಿಟ್ಟುಕೊಂಡಿದ್ದೆ.

ಇನ್ನೊಂದು ಮಾತು. ಡೊಮೈನ್ ‘ತಗೊಂಡೆ’ ಅಂತ ಎಲ್ಲರೂ ಹೇಳುತ್ತೇವೆ, ಆದರೆ ಅದು ಯಾವತ್ತೂ ಪೂರ್ತಿ ನಮ್ಮದಾಗುವುದಿಲ್ಲ. ಡಾಟ್ ಕಾಮ್ ಹೆಸರನ್ನು ಒಮ್ಮೆಗೆ 1 ವರ್ಷದಿಂದ 10 ವರ್ಷದವರೆಗೆ ನೋಂದಾಯಿಸಬಹುದು, ಅಷ್ಟೇ. ಅವಧಿ ಮುಗಿಯುವ ಮುಂಚೆ ನವೀಕರಿಸುತ್ತಾ ಇರಬೇಕು.

ತಾನಾಗಿಯೇ ಹಣ ಕಟ್ಟಿ ನವೀಕರಿಸುವ ಆಟೋ ರಿನ್ಯೂವಲ್ ಹಾಕಿದ್ದೆ ಅಲ್ವಾ ಅಂತ ಡೊಮೈನ್ ಖಾತೆ ತೆರೆಯಲು ಹೋದೆ. ಪಾಸ್‌ವರ್ಡ್ ನೆನಪಿರಲಿಲ್ಲ. ‘ಪಾಸ್‌ವರ್ಡ್ ಮರೆತಿದ್ದೀರಾ’ ಒತ್ತಿದೆ. ಲಿಂಕ್ ಕಳಿಸಿದ್ದೇವೆ ಅಂತ ಬಂತು. ಯಾವ ವಿಳಾಸಕ್ಕೆ ಅಂತ ನೋಡಿದಾಗ ಎದೆ ಧಸಕ್ ಅಂತು. ಅದೇ ಡೊಮೈನ್‌ನ ಮೇಲೆ ನಾನೇ ಮಾಡಿಕೊಟ್ಟಿದ್ದ ಇಮೇಲ್ ಅದು. ಅಚ್ಚುಕಟ್ಟಾಗಿ ಕಾಣುತ್ತದೆ ಅಂತ ಎಲ್ಲ ಕಡೆ ಅದನ್ನೇ ಕೊಟ್ಟಿದ್ದೆ. ಈಗ ಡೊಮೈನ್ ನಿಂತಿದೆ, ಹಾಗಾಗಿ ಮೇಲ್ ನಿಂತಿದೆ. ಮೇಲ್ ಬರದೆ ಖಾತೆ ತೆರೆಯುವುದಿಲ್ಲ. ಖಾತೆ ತೆರೆಯದೆ ಡೊಮೈನ್ ನವೀಕರಿಸಲು ಆಗುವುದಿಲ್ಲ.

ಅವಧಿ ಮುಗಿಯುವ ಸುಮಾರು ಒಂದು ತಿಂಗಳು ಮುಂಚೆ ಒಮ್ಮೆ, ಒಂದು ವಾರ ಮುಂಚೆ ಇನ್ನೊಮ್ಮೆ ರಿಜಿಸ್ಟ್ರಾರ್, ಅಂದರೆ ಡೊಮೈನ್ ನೋಂದಾಯಿಸಿಕೊಡುವ ಕಂಪನಿ, ನೆನಪಿನ ಮೇಲ್ ಕಳಿಸಲೇಬೇಕು. ಇದು ಡಾಟ್ ಕಾಮ್, ಡಾಟ್ ಆರ್ಗ್‌ನಂಥ ಹೆಸರುಗಳಿಗೆ ಡೊಮೈನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕಾನ್ (ICANN) ಸಂಸ್ಥೆಯ ನಿಯಮ. ನಮಗೂ ಕಳಿಸಿದ್ದರು. ಆ ವಿಳಾಸಕ್ಕೆ ಬರುವುದೆಲ್ಲ ಪಾಠದ ವಿಚಾರಣೆ ಅಂತ ತಿಳಿದಿದ್ದ ಮೇಡಂ ಅದನ್ನು ಯಾವುದೋ ಜಾಹೀರಾತು ಅಂದುಕೊಂಡು ಬಿಟ್ಟಿದ್ದರು. ಆಟೋ ರಿನ್ಯೂವಲ್‌ಗೆ ಕೊಟ್ಟಿದ್ದ ಕಾರ್ಡಿನ ಅವಧಿಯೂ ಮುಗಿದಿತ್ತು. ಅವರದೇನೂ ತಪ್ಪಿಲ್ಲ. ಇದನ್ನೆಲ್ಲ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಬೇಕಿದ್ದವಳು ನಾನು.

ಆ ದಿನಗಳಲ್ಲಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಅವಧಿ ಮುಗಿದ ತಕ್ಷಣ ಹೆಸರು ಬೇರೆಯವರ ಪಾಲಾಗುವುದಿಲ್ಲ ಅಂತ ಓದಿ ಸ್ವಲ್ಪ ಉಸಿರಾಡಿದೆ. ಡಾಟ್ ಕಾಮ್‌ಗೆ ಮೊದಲು ಹೆಚ್ಚೆಂದರೆ 45 ದಿನದ ಗ್ರೇಸ್ ಅವಧಿ, ಅಂದರೆ ತಡವಾಗಿ ನವೀಕರಿಸಲು ಕೊಡುವ ಸಮಯ. ಎಷ್ಟು ದಿನ ಕೊಡಬೇಕು ಅನ್ನುವುದು ರಿಜಿಸ್ಟ್ರಾರ್‌ಗೆ ಬಿಟ್ಟಿದ್ದು. ಅದು ದಾಟಿ ಹೆಸರನ್ನು ಅಳಿಸಿದರೆ 30 ದಿನದ ರಿಡೆಂಪ್ಶನ್ ಅವಧಿ. ಆಗಲೂ ವಾಪಸ್ ಪಡೆಯಬಹುದು, ಆದರೆ ದಂಡದ ಹಾಗೆ ಜಾಸ್ತಿ ಹಣ ಕಟ್ಟಬೇಕು. ಆಮೇಲೆ 5 ದಿನ ಯಾರೂ ಏನೂ ಮಾಡುವಂತಿಲ್ಲ. ಅದಾದ ಮೇಲೆ ಹೆಸರು ಯಾರಿಗೆ ಬೇಕಾದರೂ ಸಿಗುತ್ತದೆ. ಆದರೂ ಇಷ್ಟು ದಿನ ಇದೆ ಅಂತ ನಂಬಿ ಕೂರುವಂತಿಲ್ಲ. ಗ್ರೇಸ್ ಅವಧಿಯಲ್ಲೇ ಹೆಸರನ್ನು ಹರಾಜಿಗಿಡುವ ರಿಜಿಸ್ಟ್ರಾರ್‌ಗಳೂ ಇದ್ದಾರೆ. ಡಾಟ್ ಇನ್‌ನಂಥ ದೇಶಗಳ ಡೊಮೈನ್‌ಗಳಿಗಂತೂ ಅವನ್ನು ನೋಡಿಕೊಳ್ಳುವ ಆಯಾ ರಿಜಿಸ್ಟ್ರಿಯ ನಿಯಮವೇ ಬೇರೆ.

ನಮ್ಮನ್ನು ಉಳಿಸಿದ್ದು ಹಳೆಯ ರಸೀದಿ. ಡೊಮೈನ್‌ನ ಒಡೆಯರ ಜಾಗದಲ್ಲಿ ಮೇಡಂ ಹೆಸರನ್ನೇ ಬರೆದಿದ್ದೆ, ನಮ್ಮ ಕಚೇರಿಯದಲ್ಲ. ಅವರ ಗುರುತಿನ ಚೀಟಿ, ಹಣ ಕಟ್ಟಿದ ರಸೀದಿ ಎರಡನ್ನೂ ರಿಜಿಸ್ಟ್ರಾರ್‌ಗೆ ಕಳಿಸಿದೆವು. ನಾಲ್ಕು ದಿನ ಮೇಲಿಂದ ಮೇಲೆ ಮಾತಾಡಿದ ಮೇಲೆ ಖಾತೆಯ ಇಮೇಲ್ ಬದಲಾಯಿಸಿಕೊಟ್ಟರು. ಹಣ ಕಟ್ಟಿದ ದಿನವೇ ನನ್ನ ಫೋನಿನಲ್ಲಿ ಸೈಟ್ ಬಂತು. ಮೇಡಂ ಅವರಿಗೆ ಮಾತ್ರ ಮಾರನೇ ದಿನದವರೆಗೂ ಹಳೆಯ ಜಾಹೀರಾತೇ ಕಾಣುತ್ತಿತ್ತು. ಡಿಎನ್ಎಸ್ ಉತ್ತರಗಳನ್ನು ನಡುವಿನ ಸರ್ವರ್‌ಗಳು ಸ್ವಲ್ಪ ಹೊತ್ತು ನೆನಪಿಟ್ಟುಕೊಳ್ಳುತ್ತವೆ, ಅದಕ್ಕೆ ಹೀಗಾಗುತ್ತದೆ. ಆ ನಡುವೆ ಪಾಠಕ್ಕೆ ಸೇರಲು ಬರೆದವರ ಮೇಲ್‌ಗಳು ಎಷ್ಟು ಹೋದವೋ, ಅದನ್ನು ಯಾರೂ ವಾಪಸ್ ತರಲು ಆಗಲಿಲ್ಲ.

ಹೆಸರು ಆರಿಸುವ ಬಗ್ಗೆ ಜನ ಸಿಕ್ಕಾಪಟ್ಟೆ ತಲೆ ಕೆಡಿಸಿಕೊಳ್ಳುತ್ತಾರೆ. ನಾನು ಹೇಳುವುದು ಇಷ್ಟೇ, ಫೋನಿನಲ್ಲಿ ಒಮ್ಮೆ ಹೇಳಿ ನೋಡಿ. ಕನ್ನಡ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ದೀರ್ಘಕ್ಕೆ ಒಂದು ‘ಎ’ ಹಾಕಬೇಕಾ, ಎರಡಾ ಅಂತ ಕೇಳುವವರು ಖಂಡಿತ ಇರುತ್ತಾರೆ. ಆ ಪ್ರಶ್ನೆ ಬರದ ಹೆಸರು ಸಿಕ್ಕರೆ ಒಳ್ಳೆಯದು.

ಈಗ ಹೊಸ ಸೈಟ್ ಅಂದರೆ ಮೊದಲ ದಿನವೇ ಗ್ರಾಹಕರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ಖಾತೆಯನ್ನು ಅವರ ಕೈಯಿಂದಲೇ ತೆರೆಸುತ್ತೇನೆ. ಇಮೇಲ್ ಅವರು ದಿನಾ ನೋಡುವ, ಆ ಡೊಮೈನ್‌ಗೆ ಸಂಬಂಧವೇ ಇಲ್ಲದ ವಿಳಾಸ ಆಗಿರಬೇಕು. ಅದನ್ನು ದೃಢೀಕರಿಸಿ ಅಂತ ಬರುವ ಮೇಲ್‌ನ ಲಿಂಕನ್ನು ಅಲ್ಲೇ ಒತ್ತಿಸುತ್ತೇನೆ. 15 ದಿನದೊಳಗೆ ಒತ್ತದಿದ್ದರೆ ಹೊಸ ಡೊಮೈನ್ ನಿಂತುಹೋಗಬಹುದು. ಎರಡು ಹಂತದ ಲಾಗಿನ್ ಹಾಕಿಸಿ, ಅವಧಿ ಮುಗಿಯುವ ತಾರೀಕನ್ನು ಅವರ ಫೋನಿನಲ್ಲೂ ನನ್ನ ಫೋನಿನಲ್ಲೂ ಒಂದು ತಿಂಗಳು ಮುಂಚೆಯೇ ನೆನಪಿಸುವಂತೆ ಇಡುತ್ತೇವೆ. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸ.

ಹೋದ ಸಲ ಸಂಗೀತ ಮೇಡಂ ನನಗಿಂತ ಮುಂಚೆಯೇ ಫೋನ್ ಮಾಡಿದರು. “ತಾರೀಕು ಬಂತು ಕಣಮ್ಮ, ನಾನೇ ಕಟ್ಟಿದೆ. ಈ ಸಲ ಐದು ವರ್ಷಕ್ಕೆ.”