ಟೊಮೆಟೊ ಹಾಕೋದಾ ಬೇಡ್ವಾ

ಇವತ್ತು ಬೆಳಿಗ್ಗೆ ಮುಳಬಾಗಿಲಿನ ನಮ್ಮ ಮನೆ ಜಗಲಿ ಮೇಲೆ ದೊಡ್ಡ ಪಂಚಾಯ್ತಿ. ಈ ಸಲ ಟೊಮೆಟೊ ಹಾಕೋದಾ ಬೇಡ್ವಾ ಅಂತ. ಹಣ್ಣು ಕೀಳುವವರೆಗೂ ಬೋರ್‌ನಲ್ಲಿ ನೀರು ನಿಲ್ಲಬೇಕು, ಕೋಲಾರದ ಮಂಡಿಯಲ್ಲಿ ರೇಟೂ ಸಿಗಬೇಕು. ಎರಡೂ ಇದ್ದರೆ ಮಾತ್ರ ಹಾಕೋದು, ಇದಕ್ಕೆ ಯಾರ ತಕರಾರೂ ಇಲ್ಲ.

ಅಣ್ಣ ಎರಡಕ್ಕೂ ಹೂಂ ಅಂದ. ಚಿಕ್ಕಪ್ಪ, "ನೀರು ಇರುತ್ತೆ ಕಣಪ್ಪ, ರೇಟ್ ಬಿದ್ದೋಗುತ್ತೆ" ಅಂದರು. ಬಾವ ಅದಕ್ಕೆ ಉಲ್ಟಾ, ರೇಟ್ ಸಿಗುತ್ತೆ, ಬೋರ್ ಕೈಕೊಡುತ್ತೆ ಅಂತ. ನಾನು ಸುಮ್ನೆ ಹಾಲಿನ ಚೀಟಿ ಹಿಂದೆ ಬರೆದುಕೊಂಡೆ. ನೀರು ಇರುತ್ತೆ ಅನ್ನೋರು ಮೂವರಲ್ಲಿ ಇಬ್ಬರು. ರೇಟ್ ಸಿಗುತ್ತೆ ಅನ್ನೋರೂ ಇಬ್ಬರು. ಅಂದಮೇಲೆ ಹಾಕಬೇಕು ಅಲ್ವಾ? ಆದರೆ ಟೊಮೆಟೊ ಹಾಕೋಣವಾ ಅಂತ ನೇರವಾಗಿ ಕೇಳಿದರೆ ಇಬ್ಬರು ಬೇಡ ಅಂತಾರೆ! ಒಬ್ಬೊಬ್ಬರ ಲೆಕ್ಕವೂ ಸರಿಯಾಗೇ ಇದೆ, ಕೂಡಿಸಿದಾಗ ಮಾತ್ರ ಎಡವಟ್ಟು.

ಇದು ನಮ್ಮನೆ ಕಾಯಿಲೆ ಅಂದುಕೊಳ್ಳಬೇಡಿ. ಕ್ರಿಶ್ಚಿಯನ್ ಲಿಸ್ಟ್, ಫಿಲಿಪ್ ಪೆಟಿಟ್ ಅನ್ನೋ ಇಬ್ಬರು ತತ್ವಶಾಸ್ತ್ರಜ್ಞರು 2002ರಲ್ಲೇ ತೋರಿಸಿಬಿಟ್ಟಿದ್ದಾರೆ: ಇಂಥ ಒಂದಕ್ಕೊಂದು ಹೆಣೆದುಕೊಂಡ ಪ್ರಶ್ನೆಗಳಲ್ಲಿ, ಎಲ್ಲರಿಗೂ ಒಂದೇ ಬೆಲೆ ಕೊಟ್ಟು, ಎಲ್ಲ ಪ್ರಶ್ನೆಗೂ ಒಂದೇ ನಿಯಮದಲ್ಲಿ ಅಭಿಪ್ರಾಯ ಕೂಡಿಸಿದರೆ, ಯಾವಾಗಲೂ ತಾಳೆಯಾಗುವ ಉತ್ತರ ಸಿಗೋ ದಾರಿಯೇ ಇಲ್ಲ ಅಂತ. ಮೂರು ಎಐ ಕೂರಿಸಿ ವೋಟ್ ಹಾಕಿಸಿದರೂ ಇದೇ ಗತಿ. ಎಲ್ಲ ಪ್ರಶ್ನೆಗೂ ಒಂದೇ ನಿಯಮ ಅನ್ನೋದನ್ನ ಬಿಟ್ಟರೆ ದಾರಿ ಇದೆ: ಒಂದೋ ನೀರು, ರೇಟ್ ಬಗ್ಗೆ ಮಾತ್ರ ವೋಟ್ ಹಾಕಿ ತೀರ್ಮಾನವನ್ನ ಅದರಿಂದ ತೆಗೀಬೇಕು, ಇಲ್ಲಾಂದ್ರೆ ತೀರ್ಮಾನಕ್ಕೇ ವೋಟ್ ಹಾಕಿ ಕಾರಣ ಕೇಳಬಾರದು. ನನಗೆ ಮೊದಲನೇದೇ ವಾಸಿ ಅನ್ಸುತ್ತೆ, ನಾಳೆ ಯಾಕೆ ಅಂತ ಕೇಳಿದರೆ ಹೇಳೋಕಾದರೂ ಆಗುತ್ತೆ.

ಅಷ್ಟರಲ್ಲಿ ಅಮ್ಮ, ಅರ್ಧಕ್ಕೆ ಬೀನ್ಸ್ ಹಾಕಿ ಅಂತ ಹೇಳಿ ಒಳಗೆ ಹೋದರು.