ಹೊಸಬರು ಸಿಂಗಲ್ಸ್ ಆಡಬಹುದಾ? ನನ್ನ ಉತ್ತರ

ಪಿಕಲ್‌ಬಾಲ್ (ಪ್ಯಾಡಲ್ ಹಿಡಿದು ತೂತಿರುವ ಪ್ಲಾಸ್ಟಿಕ್ ಬಾಲನ್ನು ನೆಟ್ ದಾಟಿಸುವ ಆಟ) ಶುರು ಮಾಡಿ ಎಂಟು ತಿಂಗಳಾಯಿತು. ಮೈಸೂರಿನ ಕುವೆಂಪುನಗರದಲ್ಲಿ ಆಟ ಮುಗಿಸಿ ಟೀ ಕುಡಿಯುವಾಗ ಹೊಸದಾಗಿ ಸೇರಿದವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ನೀವೂ ಹೊಸಬರೇ ಅಲ್ವಾ ಸರ್, ಸಿಂಗಲ್ಸ್ ಯಾಕೆ ಆಡ್ತೀರಿ? ಮೊದಲು ಡಬಲ್ಸ್ ಕಲಿತು ಆಮೇಲೆ ಆಡಬಹುದಲ್ವಾ?"

ಕಾಯಬೇಡಿ ಅನ್ನೋದು ನನ್ನ ಉತ್ತರ. ವಾರಕ್ಕೆ ಒಂದು ದಿನವಾದರೂ ಸಿಂಗಲ್ಸ್ ಆಡಿ. ಡಬಲ್ಸ್‌ನಲ್ಲಿ ಜೊತೆಗಾರರು ಸರಿಮಾಡಿಬಿಡುವ ನಿಮ್ಮ ತಪ್ಪು ಇಲ್ಲಿ ತಕ್ಷಣ ಕಣ್ಣಿಗೆ ಬೀಳುತ್ತದೆ.

ಮೊದಲು ಜಾಗದ ಲೆಕ್ಕ. ಕೋರ್ಟ್ ಅಗಲ 20 ಅಡಿ, ಉದ್ದ 44 ಅಡಿ. ಒಟ್ಟು 880 ಚದರ ಅಡಿ, ಒಂದು ತರ್ಟಿ ಫಾರ್ಟಿ ಸೈಟಿಗಿಂತ ಕಡಿಮೆ. ಷಟಲ್ ಡಬಲ್ಸ್ ಕೋರ್ಟಿನದೂ ಇದೇ ಅಳತೆ. ಆದರೆ ಷಟಲ್ ಸಿಂಗಲ್ಸ್‌ಗೆ ಪಕ್ಕದ ಪಟ್ಟಿ ಬಿಟ್ಟು 17 ಅಡಿ ಅಗಲ ಸಾಕು. ಪಿಕಲ್‌ಬಾಲ್‌ನಲ್ಲಿ ಆ ರಿಯಾಯಿತಿ ಇಲ್ಲ. ಒಬ್ಬರೇ ಇದ್ದರೂ ಪೂರ್ತಿ 20 ಅಡಿ ಕಾಯಬೇಕು. ಡಬಲ್ಸ್‌ನಲ್ಲಿ ನಿಮ್ಮ ಪಾಲಿಗೆ 220 ಚದರ ಅಡಿ ಬಂದರೆ ಇಲ್ಲಿ 440.

ಹಾಗಾದರೆ ಜಾಸ್ತಿ ಓಡಿದವರು ಗೆಲ್ಲುತ್ತಾರಾ? ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ಮೊದಲ ಸಿಂಗಲ್ಸ್ ಅರವತ್ತು ದಾಟಿದ, ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರ ಜೊತೆ. 11-2ಕ್ಕೆ ಸೋತೆ. ಅವರು ಓಡಿದ್ದೇ ಕಡಿಮೆ. ನನ್ನ ಸರ್ವ್ ಬಂದಾಗಲೆಲ್ಲ ಬಾಲನ್ನು ನನ್ನ ಹಿಂದಿನ ಗೆರೆಯ ಹತ್ತಿರ ಬೀಳಿಸಿ, ನಿಧಾನವಾಗಿ ಮುಂದೆ ಬಂದು ನಿಲ್ಲುತ್ತಿದ್ದರು.

ಇದರ ಗುಟ್ಟು ಆಟದ ನಿಯಮದಲ್ಲೇ ಇದೆ. ಸರ್ವ್ ಆಗಿ ಬಂದ ಬಾಲ್ ಒಮ್ಮೆ ಪುಟಿಯಬೇಕು, ಅದನ್ನು ಎದುರಿನವರು ವಾಪಸ್ ಹೊಡೆದ ಮೇಲೆ ಸರ್ವ್ ಮಾಡಿದವರ ಕಡೆಯೂ ಒಮ್ಮೆ ಪುಟಿಯಬೇಕು. ಅಂದರೆ ಸರ್ವ್ ಮಾಡಿದವರು ಮುಂದೆ ಬರೋ ಹಾಗಿಲ್ಲ, ಹಿಂದೆ ಕಾಯಲೇಬೇಕು. ವಾಪಸ್ ಬಂದ ಬಾಲ್ ಕಾಲಬುಡಕ್ಕೇ ಬಿದ್ದರೆ ಇನ್ನೂ ಹಿಂದೆ ಸರಿಯಬೇಕು. ಅಷ್ಟರಲ್ಲಿ ಎದುರಿನವರು ನೆಟ್‌ನಿಂದ 7 ಅಡಿ ದೂರದ ಕಿಚನ್ ಗೆರೆಗೆ (ನೆಟ್ ಪಕ್ಕದ, ಬಾಲ್ ಪುಟಿಯುವ ಮುಂಚೆ ಹೊಡೆಯಬಾರದ ಜಾಗವೇ ಕಿಚನ್) ಬಂದಿರುತ್ತಾರೆ.

"ಓಡೋದು ಆಮೇಲಪ್ಪ. ನಿನ್ನ ಬಾಲ್ ಎಲ್ಲಿ ಬೀಳ್ತಿದೆ ಅಂತ ಮೊದಲು ನೋಡು" ಅಂದರು ಆ ಹಿರಿಯರು. ಹೆಗಲ ಮೇಲಿದ್ದ ಟವೆಲನ್ನು ನಾಲ್ಕು ಮಡಿಕೆ ಮಾಡಿ, ಹಿಂದಿನ ಗೆರೆಯಿಂದ ಮೂರಡಿ ಒಳಗೆ ಹಾಸಿದರು. ಅದನ್ನು ದಾಟಿಸಿ ಇಪ್ಪತ್ತು ಸರ್ವ್ ಮಾಡು ಅಂದರು. ದಾಟಿದ್ದು ಆರು. ಉಳಿದವು ಕೋರ್ಟಿನ ನಡುವೆಯೇ ಬಿದ್ದಿದ್ದವು. ಡಬಲ್ಸ್‌ನಲ್ಲಿ ಇದೇ ಸರ್ವ್ ಚೆನ್ನಾಗಿದೆ ಅಂತ ನಂಬಿಕೊಂಡು ನಾಲ್ಕು ತಿಂಗಳು ಆಡಿದ್ದೆ! ಇವತ್ತಿಗೂ ಆಟಕ್ಕೆ ಮುಂಚೆ ಟವೆಲ್ ಹಾಸಿ ಇಪ್ಪತ್ತು ಸರ್ವ್ ಹಾಕುತ್ತೇನೆ. ಈಗ ಹದಿಮೂರು ಹದಿನಾಲ್ಕು ದಾಟುತ್ತವೆ.

ಸರ್ವ್‌ಗೆ ಸಿಂಗಲ್ಸ್‌ನಲ್ಲಿ ಬೆಲೆಯೂ ಜಾಸ್ತಿ. ಡಬಲ್ಸ್‌ನಂತೆ ನೀವು ತಪ್ಪಿದ ಮೇಲೆ ಸರ್ವ್ ಮಾಡೋಕೆ ಜೊತೆಗಾರರು, ಅಂದರೆ ಎರಡನೇ ಸರ್ವರ್, ಇಲ್ಲ. ಸರ್ವ್ ಮಾಡುವವರಿಗಷ್ಟೇ ಪಾಯಿಂಟ್ ಸಿಗೋದರಿಂದ, ಒಂದು ಸರ್ವ್ ನೆಟ್‌ಗೆ ಬಿದ್ದರೆ ಅವಕಾಶವೇ ಕೈಬಿಟ್ಟಂತೆ. ಸ್ಕೋರ್ ಮಾತ್ರ ಸುಲಭ. ನಿಮ್ಮ ಪಾಯಿಂಟ್ ಸೊನ್ನೆ ಅಥವಾ ಸರಿಸಂಖ್ಯೆ ಆಗಿದ್ದರೆ ಬಲಗಡೆಯಿಂದ, ಬೆಸ ಆಗಿದ್ದರೆ ಎಡಗಡೆಯಿಂದ ಸರ್ವ್ ಮಾಡಿ.

ಉದ್ದಕ್ಕೆ ಹಾಕೋದು ಕೈಗೆ ಹತ್ತಿದ ಮೇಲೆ ಇನ್ನೊಂದು ಸಂಗತಿ. ಬಾಲನ್ನು ಯಾವ ಮೂಲೆಗೆ ಕಳಿಸಿದಿರೋ ಅದೇ ಕಡೆಗೆ ವಾಲಿಕೊಂಡು ಮುಂದೆ ಬನ್ನಿ. ಸುಮ್ನೆ ಕೋರ್ಟಿನ ಮಧ್ಯಕ್ಕೆ ಬಂದು ನಿಂತರೆ ಪಕ್ಕದ ಗೆರೆಯುದ್ದಕ್ಕೂ ದಾರಿ ಬಿಟ್ಟುಕೊಟ್ಟ ಹಾಗೆ. ಮೂಲೆಯಿಂದ ನೇರವಾಗಿ ಬರುವ ಬಾಲ್ ಬೇಗ ತಲುಪುತ್ತದೆ. ಅಡ್ಡ ಬರುವುದಕ್ಕೆ ದೂರ ಜಾಸ್ತಿ, ಒಂದು ಹೆಜ್ಜೆ ಹಾಕೋಕೆ ಸಮಯ ಸಿಗುತ್ತದೆ. ಏನೂ ತೋಚದಿದ್ದರೆ ನೆಟ್‌ನ ಮಧ್ಯದ ಮೇಲೆ ಹೊಡೆಯಿರಿ. ಪಕ್ಕದ ಕಂಬಗಳ ಹತ್ತಿರ 36 ಇಂಚು ಇರುವ ನೆಟ್ ಅಲ್ಲಿ 34 ಇಂಚು ಅಷ್ಟೇ.

ಶೂ ಬಗ್ಗೆ ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ. ಕುಕ್ಕರಹಳ್ಳಿ ಕೆರೆ ಸುತ್ತುವ ರನ್ನಿಂಗ್ ಶೂನಲ್ಲೇ ಸಿಂಗಲ್ಸ್‌ಗೆ ಇಳಿಯಬೇಡಿ. ಅದು ನೇರ ಓಟಕ್ಕೆ ಮಾಡಿದ್ದು. ಇಲ್ಲಿ ಅಡ್ಡಕ್ಕೆ ಓಡಿ ಗಕ್ಕನೆ ನಿಲ್ಲಬೇಕು, ಪಾದ ಹೊರಳಿಬಿಡುತ್ತದೆ. ಷಟಲ್ ಅಥವಾ ಟೆನಿಸ್ ಶೂ ಹಾಕಿ.

ಮಂಡಿ ನೋವು ಇದ್ದವರು, ಉಸಿರು ಕಟ್ಟುತ್ತೆ ಅನ್ನುವವರು ಅರ್ಧ ಕೋರ್ಟಿನಲ್ಲಿ ಆಡಬಹುದು. ಮಧ್ಯದ ಗೆರೆಯಿಂದ ಒಂದೇ ಪಕ್ಕ, ಅಗಲ 10 ಅಡಿ, ಸರ್ವ್ ಕೂಡ ನೇರಕ್ಕೆ. ಉದ್ದಕ್ಕೆ ಹಾಕುವ ಅಭ್ಯಾಸ ಇದರಲ್ಲೂ ಆಗುತ್ತದೆ. ಭಾನುವಾರ ಜನ ಜಾಸ್ತಿ ಇದ್ದಾಗ ನಾವು ಒಂದೇ ಕೋರ್ಟಿನಲ್ಲಿ ಹೀಗೆ ಎರಡು ಜೋಡಿ ಆಡುತ್ತೇವೆ. ಪಕ್ಕದವರ ಬಾಲ್ ಉರುಳಿ ಬಂದರೆ ಕೂಗಿ ಹೇಳಿ ಆಟ ನಿಲ್ಲಿಸಬೇಕು, ಅಷ್ಟೇ.