ಹಳೆ ಎಟಿವಿಗೆ ಲಿಫ್ಟ್ ಕಿಟ್ ಹಾಕಿಸುವ ಮುನ್ನ

ತೋಟದ ಎಟಿವಿ (ಕಚ್ಚಾ ನೆಲದಲ್ಲಿ ಓಡುವ ನಾಲ್ಕು ಗಾಲಿಯ ಸಣ್ಣ ಗಾಡಿ) ಕೆಸರಲ್ಲಿ ಹೊಟ್ಟೆ ತಾಗಿ ನಿಂತಿತೆಂದರೆ ಹೆಚ್ಚಿನವರಿಗೆ ಮೊದಲು ಹೊಳೆಯುವುದು ಲಿಫ್ಟ್ ಕಿಟ್, ಅಂದರೆ ಗಾಡಿಯ ಮೈಯನ್ನು ಗಾಲಿಗಳಿಂದ ಮೇಲಕ್ಕೆತ್ತುವ ಬಿಡಿಭಾಗಗಳು. ನಮ್ಮ ಲೆಕ್ಕದಲ್ಲಿ ಅದು ಕೊನೆಯ ಕೆಲಸ. ವರ್ಷಗಟ್ಟಲೆ ಗೊಬ್ಬರ, ಅಡಿಕೆ ಗೊನೆ ಹೊತ್ತ ಗಾಡಿ ಎಷ್ಟು ತಗ್ಗಿದೆ ಎಂದು ಮೊದಲು ಅಳೆಯಬೇಕು. ಆಮೇಲೆ ಟೈರ್. ಅದೂ ಸಾಲದಿದ್ದರೆ ಲಿಫ್ಟ್.

ಅಳತೆಗೆ ಅಡಿಕೆ ಒಣಗಿಸುವ ಅಂಗಳದಂಥ ಸಮತಟ್ಟು ಜಾಗ ಬೇಕು. ಜಾಕ್ ಕೊಟ್ಟು ಗಾಲಿ ನೇತಾಡುವಂತೆ ಮಾಡಿ, ಗಾಲಿಯ ನಡುವಿನ ಆಕ್ಸಲ್ ತುದಿಯಿಂದ ನೇರ ಮೇಲೆ ಮಡ್‌ಗಾರ್ಡಿನವರೆಗೆ ಟೇಪ್ ಹಿಡಿಯಿರಿ. ಗಾಡಿ ಇಳಿಸಿ, ಓಡಿಸುವವರು ಕುಳಿತು, ಎಂದಿನ ಹೊರೆ ಇಟ್ಟು ಮತ್ತೊಮ್ಮೆ ಅಳೆಯಿರಿ. ವ್ಯತ್ಯಾಸ ಸಸ್ಪೆನ್ಷನ್ನಿನ ಪೂರ್ತಿ ಓಟದ (ಗಾಲಿ ಮೇಲೆ ಕೆಳಗೆ ಆಡುವ ಒಟ್ಟು ದೂರದ) ಮೂರನೇ ಒಂದು ಭಾಗದ ಆಸುಪಾಸಿರಬೇಕು. ಓಟ 180 ಮಿ.ಮೀ. ಇದ್ದು 90 ಮಿ.ಮೀ. ಕುಸಿದರೆ ಸ್ಪ್ರಿಂಗ್ ಸೋತಿದೆ ಎಂದರ್ಥ. ಶಾಕಿನ (ಸ್ಪ್ರಿಂಗ್ ಸುತ್ತಿದ ಶಾಕ್ ಅಬ್ಸಾರ್ಬರಿನ) ಬುಡದ ಮೆಟ್ಟಿಲು ಮೆಟ್ಟಿಲಾದ ರಿಂಗನ್ನು ಹುಕ್ ಸ್ಪ್ಯಾನರಿನಿಂದ ಒಂದೊಂದೇ ಮೆಟ್ಟಿಲು ಏರಿಸಿ. ತುದಿಗೆ ಬಂದರೂ ಕುಸಿತ ಹಾಗೇ ಇದ್ದರೆ ಹೊಸ ಸ್ಪ್ರಿಂಗ್ ಹಾಕಿ. ಸುರುಳಿಗಳ ನಡುವೆ ರಬ್ಬರ್ ತುರುಕುವ ಉಪಾಯ ಬೇಡವೇ ಬೇಡ: ಸುರುಳಿಗಳು ಬೇಗ ಒಂದಕ್ಕೊಂದು ಕೂತುಬಿಡುತ್ತವೆ, ಏಟೆಲ್ಲ ಶಾಕಿನ ಬೋಲ್ಟಿಗೆ ಬೀಳುತ್ತದೆ. ಗಾಲಿ ಹಿಡಿದಿರುವ ತೋಳುಗಳ ಕೀಲಿನ ಬುಷ್ ಸವೆದಿದ್ದರೆ ಈ ಹೊತ್ತಲ್ಲೇ ಬದಲಿಸಿ. ಇಷ್ಟರಲ್ಲೇ ಎಷ್ಟೋ ಗಾಡಿಗಳು ಇಂಚಿನಷ್ಟು ಎತ್ತರ ಮರಳಿ ಪಡೆಯುತ್ತವೆ.

ಮುಂದಿನದು ನಿಮ್ಮ ಗಾಡಿಯ ಹಿಂಭಾಗ ಎಂಥದ್ದು ಎಂಬುದರ ಮೇಲೆ ನಿಂತಿದೆ. ಚೈನ್ ಇರುವ, ಹಿಂದೆ ಒಂದೇ ಉದ್ದ ಆಕ್ಸಲ್ ಇರುವ ಗಾಡಿಗಳಲ್ಲಿ ನೆಲಕ್ಕೆ ಹತ್ತಿರವಿರುವುದು ಹಿಂದಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲುಚಕ್ರ) ಅಥವಾ ಬ್ರೇಕ್ ಡಿಸ್ಕ್. ಅವು ಆಕ್ಸಲ್‌ಗೇ ಕೂತಿರುವುದರಿಂದ ಶಾಕ್ ಎಷ್ಟೇ ಎತ್ತರಿಸಿದರೂ ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ಎತ್ತುವುದು ಟೈರ್ ಒಂದೇ. ಅದೂ ಅರ್ಧ ಲೆಕ್ಕ: 22x10-10 (ಇಂಚಿನಲ್ಲಿ ಟೈರಿನ ಎತ್ತರ, ಅಗಲ, ರಿಮ್) ತೆಗೆದು 24x11-10 ಹಾಕಿದರೆ ಟೈರ್ ಎರಡು ಇಂಚು ದೊಡ್ಡದು, ಆಕ್ಸಲ್ ಏರುವುದು ಒಂದೇ ಇಂಚು, ಅಂದರೆ 25 ಮಿ.ಮೀ.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಟೈರ್ ಶೇಕಡಾ 9ರಷ್ಟು ದೊಡ್ಡದಾದಾಗ ಎಳೆತ ಸುಮಾರು ಅಷ್ಟೇ ಕಮ್ಮಿಯಾಗುತ್ತದೆ. ಅದನ್ನು ಸರಿದೂಗಿಸಲು ಹಿಂದಿನ 37 ಹಲ್ಲಿನ ಸ್ಪ್ರಾಕೆಟ್ ತೆಗೆದು 40ರದ್ದು ಹಾಕುತ್ತಾರೆ. 520 ಅಳತೆಯ ಚೈನಿನಲ್ಲಿ ಆ ಮೂರು ಹಲ್ಲು ಸ್ಪ್ರಾಕೆಟನ್ನು ಏಳೂವರೆ ಮಿ.ಮೀ. ಕೆಳಗೆ ತರುತ್ತದೆ. ದುಡ್ಡು ಕೊಟ್ಟು ಗಳಿಸಿದ 25ರಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಹೋಯಿತು! ಅದರ ಬದಲು ಮುಂದಿನ ಸ್ಪ್ರಾಕೆಟನ್ನು 12ರಿಂದ 11 ಹಲ್ಲಿಗೆ ಇಳಿಸಿ. ಎಳೆತ ಹೆಚ್ಚುಕಡಿಮೆ ಮೊದಲಿನಂತಾಗುತ್ತದೆ, ಎತ್ತರ ಉಳಿಯುತ್ತದೆ. ಚೈನ್ ಮತ್ತು ಅದರ ಕೆಳಗಿನ ರಬ್ಬರ್ ಪಟ್ಟಿ ತುಸು ಬೇಗ ಸವೆಯುತ್ತವೆ, ಅದನ್ನು ಒಪ್ಪಿಕೊಳ್ಳಬೇಕು.

ನಾಲ್ಕೂ ಗಾಲಿ ಎಳೆಯುವ, ಗಾಲಿಗೊಂದು ಶಾಕ್ ಇರುವ ಗಾಡಿಗಳ ಕತೆ ಬೇರೆ. ಇವುಗಳಲ್ಲಿ ಸಾಮಾನ್ಯವಾಗಿ ಕಾಣುವ ಅಳತೆ ಮುಂದೆ 25x8-12, ಹಿಂದೆ 25x10-12. 26ಕ್ಕೆ ಏರಿಸಿದರೆ ಎಂಜಿನ್ನಿನ ಎಳೆತವನ್ನು ಗೇರಿಗೆ ದಾಟಿಸುವ ರಬ್ಬರ್ ಬೆಲ್ಟ್ ತಡೆದುಕೊಳ್ಳುತ್ತದೆ. 27ಕ್ಕೆ ಹೋದರೆ ಕ್ಲಚ್ಚಿನ ತೂಕಗಳನ್ನು ಹಗುರ ಮಾಡಿಸಬೇಕು, ತೋಟದೊಳಗೆ ಲೋ ಗೇರಿನಲ್ಲೇ ಓಡಿಸಬೇಕು, ಇಲ್ಲವಾದರೆ ಏರಿನಲ್ಲಿ ಬೆಲ್ಟ್ ಸುಟ್ಟ ವಾಸನೆ ಬರುತ್ತದೆ. ಮುಂದೆ ಹೊಸದು, ಹಿಂದೆ ಸವೆದದ್ದು ಎಂಬ ಉಳಿತಾಯ ಬೇಡ. ಟೈರಿಗೆ ಸುಣ್ಣದ ಗುರುತು ಹಾಕಿ, ಒಂದು ಪೂರ್ತಿ ಸುತ್ತು ಉರುಳಿಸಿ, ಕ್ರಮಿಸಿದ ದೂರವನ್ನು ನೆಲದ ಮೇಲೆ ಅಳೆಯಿರಿ. ಮುಂದಿನದಕ್ಕೂ ಹಿಂದಿನದಕ್ಕೂ ಮೂಲದಲ್ಲಿದ್ದ ಅನುಪಾತ ತಪ್ಪಿದರೆ ಗಟ್ಟಿ ನೆಲದಲ್ಲಿ ಗೇರುಗಳು ಒಂದನ್ನೊಂದು ತಿರುಚುತ್ತವೆ.

ಟೈರಿನ ಹಲ್ಲು ಎಷ್ಟಿರಬೇಕು? ನಮ್ಮ ಬೆಟ್ಟು (ಎತ್ತರದ ನೆಲ), ಮಜಲು (ನಡುವಿನದು), ಬೈಲು (ತಗ್ಗಿನ ಗದ್ದೆ) ನೆನೆದರೆ ಉತ್ತರ ಅಲ್ಲೇ ಇದೆ. ಬೈಲಿನ ಮೊಣಕಾಲುದ್ದ ಕೆಸರಿಗೆ ಒಂದೂವರೆ ಇಂಚು ಆಳದ, ದೂರ ದೂರ ಕೂತ ಹಲ್ಲೇ ಬೇಕು. ಹತ್ತಿರ ಹತ್ತಿರ ಇದ್ದರೆ ಜೇಡಿ ತುಂಬಿ ಟೈರ್ ನುಣ್ಣಗಿನ ಉಂಡೆಯಾಗುತ್ತದೆ. ಆದರೆ ಅದೇ ಟೈರ್ ಆಟಿ ತಿಂಗಳ ಮಳೆಗೆ ಪಾಚಿ ಕಟ್ಟಿದ ಮುರಕಲ್ಲಿನ (ಕೆಂಪುಕಲ್ಲಿನ) ಏರಿನಲ್ಲಿ ಜಾರುತ್ತದೆ, ಏಕೆಂದರೆ ಕಲ್ಲಿಗೆ ತಾಗುವ ರಬ್ಬರೇ ಅಲ್ಪ. ಅಲ್ಲಿಗೆ ಮುಕ್ಕಾಲರಿಂದ ಒಂದು ಇಂಚಿನ, ಒತ್ತೊತ್ತಾದ, ಮೆದು ರಬ್ಬರಿನ ಹಲ್ಲು. ಅಡಿಕೆ ತೋಟಕ್ಕೂ ಇದೇ ಸರಿ: ಅಡಿಕೆಯ ಬೇರು ಮೇಲ್ಮಣ್ಣಿನಲ್ಲೇ ಹರಡಿರುತ್ತದೆ, ಆಳದ ಹಲ್ಲು ಒಂದು ಕಡೆ ಸುತ್ತಿದರೆ ಸಾಕು, ಕಿತ್ತು ಹಾಕುತ್ತದೆ. ಹೊಸದಾಗಿ ಕಡಿದ ಕೆಂಪುಕಲ್ಲಿನ ಅಂಚು ಟೈರಿನ ಪಕ್ಕೆ ಸೀಳುವುದರಿಂದ 6 ಪ್ಲೈಗಿಂತ (ಪ್ಲೈ ಎಂದರೆ ಟೈರಿನ ಗಟ್ಟಿತನದ ಲೆಕ್ಕ) ಕಮ್ಮಿಯದ್ದು ತರಬೇಡಿ.

ಗಾಳಿ 4ರಿಂದ 5 ಪಿಎಸ್ಐ. ಪೆಟ್ರೋಲ್ ಬಂಕಿನ ಗೇಜಿನಲ್ಲಿ ಇಷ್ಟು ಕಮ್ಮಿ ಗಾಳಿ ಸರಿಯಾಗಿ ತಿಳಿಯುವುದಿಲ್ಲ. 10 ಪಿಎಸ್ಐವರೆಗಿನ ಸಣ್ಣ ಗೇಜ್ ಒಂದು ಕೈಯಲ್ಲಿರಲಿ. ಎಡಕ್ಕೂ ಬಲಕ್ಕೂ ಒಂದು ಪಿಎಸ್ಐ ಹೆಚ್ಚುಕಮ್ಮಿಯಾದರೂ ಗಾಡಿ ಒಂದು ಬದಿಗೆ ಎಳೆಯುತ್ತದೆ.

ಇಷ್ಟಾದ ಮೇಲೂ ಹೊಟ್ಟೆ ತಾಗಿದರೆ ಗಾಲಿಗೊಂದು ಶಾಕ್ ಇರುವ ಗಾಡಿಗೆ ಎರಡು ಇಂಚಿನ ಲಿಫ್ಟ್ ಹಾಕಿಸಬಹುದು. ಹಾಕಿದ ಕೂಡಲೇ ಜಾಕ್ ಮೇಲೆ ಗಾಲಿ ಪೂರ್ತಿ ನೇತಾಡಿಸಿ, ಹ್ಯಾಂಡಲನ್ನು ಎರಡೂ ತುದಿಗೆ ತಿರುಗಿಸಿ ಬ್ರೇಕ್ ಹೋಸ್ ಬಿಗಿಯಾಗಿದೆಯೇ ನೋಡಿ. ಆಮೇಲೆ ಆಕ್ಸಲ್ ತುದಿಯ ಜಾಯಿಂಟನ್ನು ಮುಚ್ಚಿರುವ ರಬ್ಬರ್ ಬೂಟ್. ಅದರ ಮಡಿಕೆಗಳನ್ನು ಎರಡು ಬೆರಳಿನಿಂದ ಅಗಲಿಸಿ, ಟಾರ್ಚ್ ಹಿಡಿಯಿರಿ. ಮಡಿಕೆಯ ತಳದಲ್ಲಿ ಉಗುರು ಸಿಕ್ಕುವಷ್ಟು ಬಿರುಕು ಇದ್ದರೂ, ರಿಮ್ಮಿನ ಒಳಮೈಗೆ ಕಪ್ಪು ಗ್ರೀಸ್ ಚಿಮ್ಮಿದ ಗೆರೆ ಕಂಡರೂ ಬೂಟ್ ಹೋಯಿತೆಂದೇ ತಿಳಿಯಿರಿ. ಲಿಫ್ಟಿನಿಂದ ಕೋನ ಹೆಚ್ಚಿ ಮಡಿಕೆಗಳು ಒಂದಕ್ಕೊಂದು ಉಜ್ಜುತ್ತವೆ. ಒಳಹೊಕ್ಕ ಕೆಂಪುಮಣ್ಣು ಗ್ರೀಸಿನೊಡನೆ ಸೇರಿ ಅರೆಯುವ ಕಲ್ಲಿನಂತೆ ಜಾಯಿಂಟನ್ನು ತಿನ್ನುತ್ತದೆ.

ಎತ್ತರಿಸಿದ ಗಾಡಿ ಅಡ್ಡ ಇಳಿಜಾರಿನಲ್ಲಿ ಬೇಗ ಮಗುಚುತ್ತದೆ. ಒಂದೊಂದು ಗಾಲಿಗೆ ಒಂದು ಇಂಚಿನ ಸ್ಪೇಸರ್ (ಗಾಲಿಯನ್ನು ಹೊರಕ್ಕೆ ತಳ್ಳುವ ಬಿಲ್ಲೆ) ಕೊಟ್ಟರೆ ನಿಲುವು ಅಗಲವಾಗುತ್ತದೆ, ಆದರೆ ಕಾಲುಸಂಕದ ಅಗಲವನ್ನು ಮೊದಲೇ ಅಳೆದಿಟ್ಟುಕೊಳ್ಳಿ. ವಾಷರ್ ಪೇರಿಸಿ ಸ್ಪೇಸರ್ ಎನ್ನಬೇಡಿ, ಸ್ಟಡ್ ತುಂಡಾಗುತ್ತದೆ. 50 ಕಿ.ಮೀ. ಓಡಿದ ಮೇಲೆ ನಟ್‌ಗಳನ್ನು ಮತ್ತೆ ಬಿಗಿಯಿರಿ.

ಹೊಟ್ಟೆಯಡಿಗೆ 12 ಮಿ.ಮೀ. ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಹಲಗೆ ಒಳ್ಳೆಯದು. ಅಲ್ಯುಮಿನಿಯಂ ಮುರಕಲ್ಲಿನ ಮೇಲೆ ಕಚ್ಚಿಕೊಳ್ಳುತ್ತದೆ, ಇದು ಜಾರಿಸಿಕೊಂಡು ದಾಟಿಸುತ್ತದೆ. ಬೋಲ್ಟಿನ ತಲೆ ಹಲಗೆಯೊಳಗೆ ಹುದುಗಿರಲಿ, ಕೆಸರು ಬಸಿಯಲು ನಾಲ್ಕಾರು ತೂತು ಇರಲಿ.

ಕೊನೆಗೆ ಡಿಫರೆನ್ಷಿಯಲ್ಲಿನ, ಅಂದರೆ ಎಡಬಲ ಗಾಲಿಗಳಿಗೆ ಎಳೆತ ಹಂಚುವ ಗೇರ್ ಪೆಟ್ಟಿಗೆಯ ಉಸಿರು ಕೊಳವೆ. ಬಿಸಿಯಾದ ಪೆಟ್ಟಿಗೆ ತೋಡಿನ ತಣ್ಣೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರುತ್ತದೆ. ಕೊಳವೆಯನ್ನು ಹ್ಯಾಂಡಲ್ ಎತ್ತರಕ್ಕೆ ಒಯ್ದು, ಬಾಯಿ ಕೆಳಮುಖವಾಗಿ ಕಟ್ಟಿ. ನೀರು ದಾಟಿದ ವಾರದಲ್ಲಿ ಒಮ್ಮೆ ಎಣ್ಣೆ ನೋಡಿ. ಹಾಲು ಚಹಾದ ಬಣ್ಣಕ್ಕೆ ತಿರುಗಿದ್ದರೆ ಅಂದೇ ಬದಲಿಸಿ. ಹಾಗೇ ಬಿಟ್ಟರೆ ನಿಂತಲ್ಲೇ ಬೇರಿಂಗಿಗೆ ತುಕ್ಕು ಹತ್ತುತ್ತದೆ.